ಫ್ಲೈ ಫಿಶಿಂಗ್‌ಗೆ ಮೊದಲ ರೀಲ್: ದುಡ್ಡು ಸುರಿಯೋ ಮುಂಚೆ ಇದನ್ನೊಮ್ಮೆ ಕೇಳಿ

ಇವತ್ತು ಮಾತಾಡೋದು ರೀಲ್ಸ್ ಬಗ್ಗೆ. ನಿಮ್ಮ ಫೋನಲ್ಲಿ ಮೇಲಕ್ಕೆ ತಳ್ಳುತ್ತಾ ಕೂರೋ ರೀಲ್ಸ್ ಅಲ್ಲ. ಗಾಳದ ಕೋಲಿನ ಬುಡದಲ್ಲಿ ದಾರ ಸುತ್ತಿಡೋಕೆ ಒಂದು ದುಂಡನೆ ಗಾಲಿ ಇರುತ್ತಲ್ಲ, ಆ ರೀಲ್.

ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ ಟ್ರೌಟ್ ಮೀನು ಹಿಡಿದ ಫೋಟೋ ಹಾಕಿದ ಮೇಲೆ ನನಗೆ ಬಂದ ಮೆಸೇಜುಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು. "ಯಾವ ರೀಲ್ ತಗೊಂಡ್ರಿ? ಎಷ್ಟು ಕೊಟ್ರಿ? ನಾನೂ ಶುರು ಮಾಡ್ಬೇಕು." ಫೋಟೋದಲ್ಲಿ ಕಾಣದ ವಿಷಯವೊಂದಿದೆ. ಆ ಮೀನು ಹಿಡಿದದ್ದು ನಾನು ಕೊಂಡ ರೀಲ್‌ನಿಂದ ಅಲ್ಲ. ನಾನು ಕೊಂಡಿದ್ದ ರೀಲ್ ಅದಕ್ಕೂ ಮುಂಚೆ ಒಂದು ಮೀನನ್ನು ಕಳೆದಿತ್ತು. ತಪ್ಪು ರೀಲಿನದಲ್ಲ, ನನ್ನದು. ಅದನ್ನೇ ಇವತ್ತು ಬಿಡಿಸಿ ಹೇಳ್ತೀನಿ.

ಮೊದಲು ಉತ್ತರ ಹೇಳಿಬಿಡ್ತೀನಿ, ಕೊನೆ ತನಕ ಕಾಯಿಸಲ್ಲ. ನಿಮ್ಮ ಮೊದಲ ರೀಲ್ ಸರಳವಾಗಿರಲಿ, ನಿಮ್ಮ ರಾಡಿನ ನಂಬರಿಗೆ ಸರಿಹೊಂದಲಿ, ದಾರವನ್ನು ಜರ್ಕ್ ಇಲ್ಲದೆ ನಯವಾಗಿ ಬಿಟ್ಟುಕೊಡಲಿ. ಅಷ್ಟು ಸಾಕು. ಮಿಕ್ಕ ದುಡ್ಡನ್ನು ಒಳ್ಳೆ ಲೈನಿಗೆ ಹಾಕಿ. ಯಾಕೆ ಅಂತ ಈಗ ನೋಡೋಣ.

ಫ್ಲೈ ಫಿಶಿಂಗ್‌ನಲ್ಲಿ ಎಸೆಯೋದು ಏನನ್ನ?

ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕವರಿದ್ದಾಗ ಹಳ್ಳದಲ್ಲಿ ಗಾಳ ಹಾಕಿದ್ದೇ ಹಾಕಿದ್ದು. ಬಿದಿರು ಕೋಲು, ದಾರ, ಗಾಳಕ್ಕೆ ಒಂದು ಎರೆಹುಳ. ಮಾಮೂಲಿ ಗಾಳದಲ್ಲಿ ತುದಿಯಲ್ಲಿ ಭಾರ ಇರುತ್ತೆ. ಸೀಸದ ಗುಂಡೋ, ಹುಳವೋ, ಲೋಹದ ಆಮಿಷವೋ ಮುಂದಕ್ಕೆ ಹಾರಿ ಹಿಂದಿನ ದಾರವನ್ನು ಎಳ್ಕೊಂಡು ಹೋಗುತ್ತೆ.

ಫ್ಲೈ ಫಿಶಿಂಗ್‌ನಲ್ಲಿ ಇದು ಪೂರ್ತಿ ಉಲ್ಟಾ. ತುದಿಯಲ್ಲಿರೋದು 'ಫ್ಲೈ', ಅಂದ್ರೆ ಹಕ್ಕಿಗರಿ, ಕೂದಲು, ನೂಲು ಕಟ್ಟಿ ನೀರುಹುಳದ ಥರ ಕಾಣೋ ಹಾಗೆ ಮಾಡಿದ ಪುಟ್ಟ ಗಾಳ. ಅದಕ್ಕೆ ಭಾರವೇ ಇಲ್ಲ ಅನ್ನಬಹುದು. ಒಂದು ಒಣಗಿದ ಹೂವಿನ ಎಸಳನ್ನು ಹತ್ತು ಮೀಟರ್ ದೂರ ಎಸೆಯೋಕೆ ನೋಡಿ, ಆಗಲ್ಲ. ಹಾಗಾಗಿ ಇಲ್ಲಿ ಭಾರ ಇರೋದು ದಾರದಲ್ಲೇ. ಪ್ಲಾಸ್ಟಿಕ್ ಲೇಪನದ ದಪ್ಪ ಲೈನ್ ಅದು. ರಾಡನ್ನು ಹಿಂದೆ ಮುಂದೆ ಬೀಸಿದಾಗ ಆ ಲೈನ್ ಚಾಟಿಯ ಹಾಗೆ ಬಿಚ್ಚಿಕೊಳ್ಳುತ್ತೆ, ಅದರ ತುದಿಯಲ್ಲಿ ಫ್ಲೈ ಸುಮ್ಮನೆ ಹಿಂಬಾಲಿಸುತ್ತೆ.

ಇಲ್ಲೇ ಮುಖ್ಯ ವಿಷಯ ಬರೋದು. ಎಸೆಯೋ ಕೆಲಸ ಮಾಡೋದು ಲೈನ್ ಮತ್ತು ರಾಡ್. ರೀಲ್ ಏನೂ ಮಾಡಲ್ಲ. ಲೈನನ್ನು ಕೈಯಿಂದ ಎಳೆದು ನೆಲಕ್ಕೋ ನೀರಿಗೋ ಬಿಟ್ಟುಕೊಂಡು, ಆಮೇಲೆ ಎಸೀತೀವಿ. ವಾಪಸ್ ಎಳ್ಕೊಳ್ಳೋದೂ ಹೆಚ್ಚಾಗಿ ಕೈಯಿಂದಲೇ. ಅಷ್ಟೂ ಹೊತ್ತು ರೀಲ್ ಗಾಳಿಪಟದ ದಾರ ಸುತ್ತಿದ ಉರುಳೆ ಥರ ಸುಮ್ಮನೆ ಕೂತಿರುತ್ತೆ. ದೊಡ್ಡ ಮೀನು ಸಿಕ್ಕಿ ಓಡಿದಾಗ ಮಾತ್ರ ಅದಕ್ಕೆ ನಿಜವಾದ ಕೆಲಸ.

ನಾನು ಮಾಡಿದ ಎಡವಟ್ಟು

ಇದೆಲ್ಲ ಗೊತ್ತಿಲ್ಲದೆ ನಾನು ಅಂಗಡಿಗೆ ಹೋದೆ. ಕೈಯಲ್ಲಿ ಮೊದಲ ಬೋನಸ್ ಇತ್ತು. ರಾಡ್ ತಗೊಂಡಿದ್ದು 9 ಅಡಿಯ 5 ನಂಬರಿನದ್ದು, ಸರಿಯಾಗೇ ಇತ್ತು. ಆದ್ರೆ ರೀಲ್? ಗಾಜಿನ ಪೆಟ್ಟಿಗೆಯಲ್ಲಿ ಹೊಳೀತಾ ಇದ್ದ, ಸಮುದ್ರದ ಮೀನಿಗೆ ಅಂತ ಮಾಡಿದ, 8 ನಂಬರಿನ ದೊಡ್ಡ ರೀಲ್. ದೊಡ್ಡದು ಇದ್ರೆ ಚಿಕ್ಕದಕ್ಕೂ ಆಗುತ್ತೆ ಅಂತ ನನ್ನ ಲೆಕ್ಕ. ಮೂರನೇ ಒಂದು ಭಾಗ ಬೋನಸ್ ಅಲ್ಲೇ ಹೋಯ್ತು. ಲೈನಿಗೆ ದುಡ್ಡು ಉಳಿದಿರಲಿಲ್ಲ, ಅಗ್ಗದ್ದೊಂದು ಸುತ್ತಿಸ್ಕೊಂಡೆ.

ತೀರ್ಥನ್ ನದಿ ದಡದಲ್ಲಿ ನಿಂತಾಗಲೇ ಗೊತ್ತಾಗಿದ್ದು. ರಾಡಿನ ಬುಡ ಕಲ್ಲು ಕಟ್ಟಿದ ಹಾಗೆ ಭಾರ. ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯ್ತು. ಅಗ್ಗದ ಲೈನ್ ಸುರುಳಿ ಸುರುಳಿಯಾಗಿ ನಿಂತು ನೇರ ಹೋಗಲೇ ಇಲ್ಲ. ಹೇಗೋ ಮಧ್ಯಾಹ್ನದ ಹೊತ್ತಿಗೆ ಬಂಡೆಯ ಹಿಂದಿನ ಮಡುವಿನಲ್ಲಿ ಒಂದು ಕಂದು ಟ್ರೌಟ್ ಕಚ್ಚಿತು. ಒಳ್ಳೆ ಮೀನು. ಸಡಿಲ ಲೈನೆಲ್ಲ ಕ್ಷಣದಲ್ಲಿ ಹೋಗಿ ರೀಲಿಗೆ ಬಂತು. ನಾನು ಬ್ರೇಕಿನ ತಿರುಪನ್ನು 'ಗಟ್ಟಿ ಇದ್ರೆ ಸೇಫ್' ಅಂತ ಬೆಳಗ್ಗೆಯೇ ಕೊನೆ ತನಕ ಬಿಗಿದಿಟ್ಟಿದ್ದೆ. ಗಾಲಿ ತಿರುಗಲಿಲ್ಲ. 'ಟಿಕ್' ಅಂತ ಒಂದು ಸದ್ದು, ಅಷ್ಟೇ. ತುದಿಯ ಸಣ್ಣ ದಾರ ತುಂಡಾಗಿತ್ತು.

ಜೊತೆಗಿದ್ದ ಅಲ್ಲಿನ ಗೈಡ್ ಅಣ್ಣ ನನ್ನ ರೀಲಿನಿಂದ ಲೈನ್ ಎಳೆಯೋಕೆ ನೋಡಿದ್ರು. ಬರಲಿಲ್ಲ. ನಗಾಡ್ಲಿಲ್ಲ ಅವರು. "ಮೀನು ತಪ್ಪಿಸ್ಕೊಂಡಿದ್ದು ಬೇಜಾರಿಲ್ಲ, ಬಾಯಲ್ಲಿ ಕೊಕ್ಕೆ ಇಟ್ಕೊಂಡು ಹೋಯ್ತಲ್ಲ," ಅಂದ್ರು. ಹಿಡಿದು ಬಿಡೋಣ ಅಂತ ಬಂದವನು ನಾನು. ಆ ಮಾತು ಚುಚ್ಚಿತು. ಆಮೇಲೆ ಅವರು ತಮ್ಮದೇ ಹಳೇ ರೀಲನ್ನು ನನ್ನ ರಾಡಿಗೆ ಹಾಕಿಕೊಟ್ರು. ಬಣ್ಣ ಹೋದ, ತಿರುಗಿಸಿದ್ರೆ ಕಟಕಟ ಅನ್ನೋ ಚಿಕ್ಕ ರೀಲ್. ನೀವು ನೋಡಿದ ಫೋಟೋ ಆ ರೀಲಿನದ್ದು.

ಈಗ ಒಂದೊಂದಾಗಿ, ನಾನು ಅಂಗಡಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳು.

ಪ್ರಶ್ನೆ 1: ಆ ನಂಬರ್ ಅಂದ್ರೆ ಏನು?

ರಾಡಿನ ಮೇಲೆ 4, 5, 8 ಅಂತ ಬರೆದಿರುತ್ತೆ. ಇಂಗ್ಲಿಷಿನಲ್ಲಿ 'ವೇಟ್' ಅಂತಾರೆ. ಇದು ರಾಡಿನ ತೂಕವೂ ಅಲ್ಲ, ಮೀನಿನ ತೂಕವೂ ಅಲ್ಲ. ಲೈನಿನ ಮೊದಲ 30 ಅಡಿಯ ತೂಕಕ್ಕೆ ಕೊಟ್ಟ ಸಂಖ್ಯೆ. 5 ನಂಬರ್ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ಇರುತ್ತೆ, ಅಂದ್ರೆ ನಮ್ಮ ಹಳೇ ದಪ್ಪ 5 ರೂಪಾಯಿ ನಾಣ್ಯದಷ್ಟು. 8 ನಂಬರ್ ಅಂದ್ರೆ ಸುಮಾರು 13.6 ಗ್ರಾಂ. ನಂಬರ್ ಜಾಸ್ತಿ ಆದಷ್ಟೂ ಲೈನ್ ಭಾರ ಮತ್ತು ದಪ್ಪ.

ರೀಲ್‌ಗಳ ಮೇಲೆ '5/6', '7/8' ಅಂತ ಬರೆದಿರ್ತಾರೆ. ಅಷ್ಟು ದಪ್ಪದ ಲೈನ್ ಹಿಡಿಸೋ ಜಾಗ ಇದೆ ಅಂತ ಅರ್ಥ. ರಾಡ್ 5, ಲೈನ್ 5, ರೀಲ್ 5 ಇರೋದು: ಮೂರೂ ಒಂದಾಗಬೇಕು. ದೊಡ್ಡ ರೀಲ್ ಹಾಕಿದ್ರೆ ನನ್ನ ಹಾಗೆ ಕೈ ನೋವು. ತೀರಾ ಚಿಕ್ಕದು ಹಾಕಿದ್ರೆ ಲೈನ್ ತುಂಬಿ ಚೌಕಟ್ಟಿಗೆ ಉಜ್ಜುತ್ತೆ. ಅಂಗಡಿಯಲ್ಲಿ ರಾಡಿಗೆ ರೀಲ್ ಹಾಕಿ, ಹಿಡಿಯ ಮುಂಭಾಗವನ್ನು ಒಂದು ಬೆರಳಿನ ಮೇಲೆ ಇಟ್ಟು ನೋಡಿ. ತಕ್ಕಡಿ ಥರ ಹೆಚ್ಚುಕಮ್ಮಿ ಸಮ ನಿಂತ್ರೆ ಸರಿ.

ಭಾರತದ ಬೆಟ್ಟದ ಹೊಳೆಗಳ ಟ್ರೌಟ್‌ಗೆ 4 ಅಥವಾ 5 ನಂಬರ್ ಸಾಕು. ಅಂದಹಾಗೆ ಈ ಟ್ರೌಟ್ ಇಲ್ಲಿನ ಮೀನಲ್ಲ. ಬ್ರಿಟಿಷರ ಕಾಲದಲ್ಲಿ, 1900ರ ಹೊತ್ತಿಗೆ ಸ್ಕಾಟ್ಲೆಂಡ್‌ನಿಂದ ಕಾಶ್ಮೀರಕ್ಕೆ ಕಂದು ಟ್ರೌಟ್ ಮೊಟ್ಟೆ ತಂದು ಮರಿ ಮಾಡಿಸಿದ್ರು. ಅಲ್ಲಿಂದ ಅದು ಕುಲ್ಲು ಕಡೆಗೂ ಬಂತು.

ಪ್ರಶ್ನೆ 2: ರೀಲ್ ಒಳಗಡೆ ಏನಿರುತ್ತೆ?

ಮೂರೇ ಭಾಗ. ಒಂದು ಚೌಕಟ್ಟು, ಅದರೊಳಗೆ ತಿರುಗೋ ಗಾಲಿ ಅಂದ್ರೆ ಸ್ಪೂಲ್, ಗಾಲಿಗೆ ತಡೆ ಕೊಡೋ ಬ್ರೇಕ್. ಬ್ರೇಕಿಗೆ 'ಡ್ರ್ಯಾಗ್' ಅಂತ ಹೆಸರು. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದ್ರೆ ಗಾಲಿಯೂ ಒಂದೇ ಸುತ್ತು. ಗೇರು ಗೀರು ಏನಿಲ್ಲ. ಬಾವಿಯ ರಾಟೆಯಷ್ಟೇ ಸರಳ.

ಈ ವಿನ್ಯಾಸ ಹಳೇದು. ಅಮೆರಿಕದಲ್ಲಿ ಚಾರ್ಲ್ಸ್ ಆರ್ವಿಸ್ ಪೇಟೆಂಟ್ ಪಡೆದದ್ದು 1874ರಲ್ಲಿ. ತೆಳ್ಳಗಿನ ಗಾಲಿ, ಬದಿಗಳಲ್ಲಿ ತೂತುಗಳು: ಭಾರ ಕಡಿಮೆ, ಒದ್ದೆ ಲೈನ್ ಬೇಗ ಒಣಗುತ್ತೆ. ಇವತ್ತಿನ ರೀಲುಗಳನ್ನು ಅದರ ಪಕ್ಕ ಇಟ್ರೆ ಅಣ್ಣ ತಮ್ಮ ಅನ್ಸುತ್ತೆ. ನೂರೈವತ್ತು ವರ್ಷದಲ್ಲಿ ನಿಜವಾಗಿ ಬದಲಾಗಿದ್ದು ಎರಡೇ. ಒಂದು ಬ್ರೇಕು, ಇನ್ನೊಂದು ಗಾಲಿಯ ಹೊಟ್ಟೆ.

ಪ್ರಶ್ನೆ 3: ಕಟಕಟ ಬ್ರೇಕಾ, ಡಿಸ್ಕ್ ಬ್ರೇಕಾ?

ಗೈಡ್ ಅಣ್ಣನ ಹಳೇ ರೀಲಿನಲ್ಲಿದ್ದದ್ದು 'ಕ್ಲಿಕ್ ಆ್ಯಂಡ್ ಪಾಲ್'. ಹಲ್ಲುಚಕ್ರಕ್ಕೆ ಒಂದು ಪುಟ್ಟ ನಾಲಿಗೆಯನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ. ಗಾಲಿ ತಿರುಗಿದಾಗ ನಾಲಿಗೆ ಹಲ್ಲಿನಿಂದ ಹಲ್ಲಿಗೆ ಹಾರಿ ಕಟಕಟ ಅನ್ನುತ್ತೆ. ತಡೆ ಬಹಳ ಕಡಿಮೆ. ಗಾಲಿ ಹುಚ್ಚಾಪಟ್ಟೆ ತಿರುಗಿ ಲೈನ್ ಗೋಜಲಾಗದ ಹಾಗೆ ನೋಡ್ಕೊಳ್ಳುತ್ತೆ ಅಷ್ಟೇ. ಜಾಸ್ತಿ ತಡೆ ಬೇಕಂದ್ರೆ ತಿರುಗೋ ಗಾಲಿಯ ಅಂಚಿಗೆ ಅಂಗೈ ಒತ್ತಬೇಕು. ಕೆಡೋಕೆ ಒಳಗೆ ಏನೂ ಇಲ್ಲ, ಹಗುರ, ಅಗ್ಗ.

ಡಿಸ್ಕ್ ಡ್ರ್ಯಾಗ್ ಬೈಕಿನ ಡಿಸ್ಕ್ ಬ್ರೇಕಿನ ತಮ್ಮ. ಎರಡು ಮೈಗಳು ಒಂದಕ್ಕೊಂದು ಉಜ್ಜಿ ತಡೆ ಹುಟ್ಟುತ್ತೆ. ತಿರುಪು ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು. ಕೆಲವದರಲ್ಲಿ ಇದನ್ನು ಮರಳು, ಉಪ್ಪುನೀರು ಹೋಗದ ಹಾಗೆ ಸೀಲ್ ಮಾಡಿರ್ತಾರೆ. ಬೆಲೆ ಏರೋದು ಇಲ್ಲೇ.

ಯಾವುದು ಬೇಕು? ಅರ್ಧ ಕೆಜಿ ಆಸುಪಾಸಿನ ಟ್ರೌಟ್‌ಗೆ ಎರಡೂ ನಡೆಯುತ್ತೆ. ಚಿಕ್ಕ ಮೀನುಗಳನ್ನು ಕೈಯಲ್ಲೇ ಲೈನ್ ಎಳ್ಕೊಂಡು ತರ್ತೀರಿ, ರೀಲ್ ಮುಟ್ಟೋದೇ ಇಲ್ಲ. ಮುಂದೆ ಉತ್ತರಾಖಂಡದ ನದಿಗಳಲ್ಲಿ ಚಿನ್ನದ ಮಹಶೀರ್ ಥರದ ದೊಡ್ಡ ಮೀನಿನ ಆಸೆ ಇದ್ರೆ ಮಾತ್ರ 8 ನಂಬರ್ ರಾಡ್, ಒಳ್ಳೆ ಡಿಸ್ಕ್ ಡ್ರ್ಯಾಗ್ ಬೇಕಾಗುತ್ತೆ.

ಆದ್ರೆ ಯಾವ ಬೆಲೆಯ ಡಿಸ್ಕ್ ರೀಲ್ ಆದ್ರೂ ಇದೊಂದನ್ನು ನೋಡಿ. ಭಾರದ ಕಪಾಟನ್ನು ನೂಕುವಾಗ ಮೊದಲು ಅಲುಗಾಡಿಸೋಕೆ ಜಾಸ್ತಿ ಬಲ ಬೇಕು, ಆಮೇಲೆ ಸಲೀಸು, ಅಲ್ವಾ? ಕೆಟ್ಟ ಡ್ರ್ಯಾಗ್ ಹಾಗೆಯೇ. ಮೊದಲು ಕಚ್ಚಿ ಹಿಡಿದು, ಆಮೇಲೆ ಜರ್ಕ್ ಹೊಡೆದು ಬಿಡುತ್ತೆ. ಆ ಮೊದಲ ಜರ್ಕಿಗೇ ದಾರ ತುಂಡಾಗೋದು. ಅಂಗಡಿಯಲ್ಲಿ ಮಧ್ಯಮ ಬಿಗಿ ಇಟ್ಟು ಗಾಲಿಯನ್ನು ನಿಧಾನಕ್ಕೆ ಎಳೆಯಿರಿ. ಬೆಣ್ಣೆಯ ಹಾಗೆ ಶುರುವಾದ್ರೆ ಒಳ್ಳೇದು. ತಡೆದು ತಡೆದು ಬಂದ್ರೆ ಪೆಟ್ಟಿಗೆಗೆ ವಾಪಸ್.

ಪ್ರಶ್ನೆ 4: ಲಾರ್ಜ್ ಆರ್ಬರ್ ಅಂದ್ರೇನು?

ಗಾಲಿಯ ನಡುವಿನ ಕಂಬಕ್ಕೆ 'ಆರ್ಬರ್' ಅಂತಾರೆ. ಹಳೇ ರೀಲುಗಳಲ್ಲಿ ಅದು ಪೆನ್ಸಿಲಿನಷ್ಟು ಸಣ್ಣ. ಹೊಸದರಲ್ಲಿ ದಪ್ಪ. ಅದೇ 'ಲಾರ್ಜ್ ಆರ್ಬರ್'. ಹೈಸ್ಕೂಲ್ ಗಣಿತ ಸಾಕು ಇದಕ್ಕೆ. ಲೈನ್ ಸುತ್ತಿಕೊಂಡಿರೋ ವ್ಯಾಸ 5 ಸೆಂ.ಮೀ. ಇದ್ರೆ ಒಂದು ಸುತ್ತಿಗೆ ಸುಮಾರು 16 ಸೆಂ.ಮೀ. ಲೈನ್ ಬರುತ್ತೆ. ವ್ಯಾಸ 8 ಸೆಂ.ಮೀ. ಇದ್ರೆ 25 ಸೆಂ.ಮೀ. ಅಂದ್ರೆ 10 ಮೀಟರ್ ಲೈನ್ ಸುತ್ತೋಕೆ ಒಂದರಲ್ಲಿ ಅರವತ್ತಕ್ಕೂ ಹೆಚ್ಚು ಸುತ್ತು, ಇನ್ನೊಂದರಲ್ಲಿ ನಲವತ್ತು. ಮೀನು ನಿಮ್ಮ ಕಡೆಗೇ ಓಡಿ ಬಂದಾಗ ಈ ವ್ಯತ್ಯಾಸ ಗೊತ್ತಾಗುತ್ತೆ.

ಇನ್ನೊಂದು ಲಾಭ ಇದೆ, ಇದನ್ನು ಯಾರೂ ಸರಿಯಾಗಿ ಹೇಳಲ್ಲ. ಮೀನು ಓಡಿ ಲೈನ್ ಖಾಲಿಯಾಗ್ತಾ ಸುರುಳಿ ಸಣ್ಣದಾಗುತ್ತೆ. ಬ್ರೇಕ್ ಅಷ್ಟೇ ಇದ್ರೂ, ಸುರುಳಿಯ ವ್ಯಾಸ ಅರ್ಧ ಆದ್ರೆ ದಾರದ ಮೇಲಿನ ಎಳೆತ ಎರಡರಷ್ಟಾಗುತ್ತೆ. ನೀವು ತಿರುಪು ಮುಟ್ಟದಿದ್ರೂ ಬ್ರೇಕ್ ತಾನಾಗೇ ಬಿಗಿಯಾದ ಹಾಗೆ. ಕಂಬ ದಪ್ಪ ಇದ್ರೆ ಈ ಏರುಪೇರು ಕಡಿಮೆ. ಜೊತೆಗೆ ದೊಡ್ಡ ಸುರುಳಿಯಲ್ಲಿ ಸುತ್ತಿದ ಲೈನ್ ಸ್ಪ್ರಿಂಗ್ ಥರ ಆಗೋದೂ ಕಡಿಮೆ. ಮೊದಲ ರೀಲಿಗೆ ಮಧ್ಯಮ ಅಥವಾ ಲಾರ್ಜ್ ಆರ್ಬರ್ ತಗೊಳ್ಳಿ.

ಪ್ರಶ್ನೆ 5: ಎಡಗೈಯಾ, ಬಲಗೈಯಾ?

ಬಲಗೈಯಲ್ಲಿ ಎಸೆಯೋರು ಎಡಗೈಯಲ್ಲಿ ಸುತ್ತಿದ್ರೆ ಮೀನು ಕಚ್ಚಿದಾಗ ರಾಡನ್ನು ಕೈಯಿಂದ ಕೈಗೆ ಬದಲಾಯಿಸೋ ಗಡಿಬಿಡಿ ಇರಲ್ಲ. ಹೆಚ್ಚಿನ ರೀಲುಗಳನ್ನು ಎರಡೂ ಕಡೆಗೆ ತಿರುಗಿಸಿ ಜೋಡಿಸಬಹುದು. ಲೈನ್ ಸುತ್ತೋಕೆ ಮುಂಚೆಯೇ ಅಂಗಡಿಯವರಿಗೆ ಹೇಳಿಬಿಡಿ. ಸುತ್ತಿದ ಮೇಲೆ ಹೇಳಿದ್ರೆ ಮತ್ತೆ ಎಲ್ಲ ಬಿಚ್ಚಬೇಕು.

ಸುತ್ತೋ ಕ್ರಮ

ಗಾಲಿಗೆ ಮೊದಲು ಕಟ್ಟೋದು 'ಬ್ಯಾಕಿಂಗ್', ಹೆಣೆದ ಗಟ್ಟಿ ನೂಲು. 5 ನಂಬರಿಗೆ ಸುಮಾರು 100 ಗಜ ಸಾಕು. ಅದರ ಮೇಲೆ ಬಣ್ಣದ ಫ್ಲೈ ಲೈನ್, ಸುಮಾರು 27 ಮೀಟರ್. ಅದರ ತುದಿಗೆ ಕ್ರಮೇಣ ಸಣ್ಣಗಾಗೋ 9 ಅಡಿಯ ಪಾರದರ್ಶಕ 'ಲೀಡರ್'. ಕೊನೆಗೆ ಕೂದಲಿನಷ್ಟು ಸಣ್ಣ 'ಟಿಪ್ಪೆಟ್'. ಅದಕ್ಕೆ ಫ್ಲೈ.

ಬ್ಯಾಕಿಂಗ್ ಬರೀ ದೊಡ್ಡ ಮೀನಿಗಲ್ಲ. ಕಂಬದ ಸುತ್ತ ಅದು ತುಂಬಿಕೊಂಡಿದ್ರೆ ಲೈನ್ ದೊಡ್ಡ ಸುರುಳಿಯಲ್ಲಿ ಕೂರುತ್ತೆ. ಪೂರ್ತಿ ತುಂಬಿದ ಮೇಲೂ ಅಂಚಿಗೆ ಅರ್ಧ ಸೆಂ.ಮೀ.ನಷ್ಟು ಜಾಗ ಬಿಡಿ.

ನಾನು ಬಳಸಿದ ಟಿಪ್ಪೆಟ್ 5ಎಕ್ಸ್. ದಪ್ಪ 0.15 ಮಿ.ಮೀ. ಸುಮಾರು 2 ಕೆಜಿ ಎಳೆತಕ್ಕೆ ತುಂಡಾಗುತ್ತೆ, ಗಂಟು ಸರಿಯಿಲ್ಲದಿದ್ರೆ ಇನ್ನೂ ಬೇಗ. ಮೀನು ಒಂದು ಕೆಜಿಯೂ ಇಲ್ಲ, ಆದ್ರೂ ಯಾಕೆ ತುಂಡಾಯ್ತು? ಮೀನಿನ ತೂಕ ಬೇರೆ, ಓಡುತ್ತಿರೋ ಮೀನಿಗೆ ಒಮ್ಮೆಲೇ ತಡೆ ಬಿದ್ದಾಗ ಹುಟ್ಟೋ ಹೊಡೆತ ಬೇರೆ. ನಿಂತ ಬಸ್ಸು ನೂಕಿದ ಹಾಗಲ್ಲ, ಓಡೋ ಬಸ್ಸಿನ ಬಾಗಿಲು ಹಿಡಿದ ಹಾಗೆ. ನೀರಿನ ಸೆಳೆತ ಬೇರೆ ಸೇರ್ಕೊಳ್ಳುತ್ತೆ.

ಬಾಟಲಿ ಪರೀಕ್ಷೆ

ಹಾಗಾದ್ರೆ ಬ್ರೇಕ್ ಎಷ್ಟು ಬಿಗಿ ಇರಬೇಕು? ಟಿಪ್ಪೆಟ್ ತಡ್ಕೊಳ್ಳೋ ಬಲದ ಕಾಲು ಭಾಗ ದಾಟಬಾರದು ಅಂತ ಲೆಕ್ಕ ಇಟ್ಕೊಳ್ಳಿ. 2 ಕೆಜಿಯ ಕಾಲು ಭಾಗ ಅಂದ್ರೆ ಅರ್ಧ ಕೆಜಿ. ಮನೆಯಲ್ಲೇ ಅಳೀಬಹುದು. ಅರ್ಧ ಲೀಟರಿನ ತುಂಬಿದ ನೀರಿನ ಬಾಟಲಿಗೆ ಲೈನ್ ಕಟ್ಟಿ, ರೀಲನ್ನು ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ. ಬಾಟಲಿ ನೆಲ ಬಿಡೋ ಮುಂಚೆಯೇ ಗಾಲಿ ನಯವಾಗಿ ತಿರುಗಿ ಲೈನ್ ಬಿಡಬೇಕು. ಬಾಟಲಿ ನೇತಾಡಿದ್ರೆ ಬಿಗಿ ಜಾಸ್ತಿ, ಸಡಿಲ ಮಾಡಿ. ಆದ್ರೆ ಲೈನನ್ನು ಕೈಯಿಂದ ಸರ್ರನೆ ಎಳೆದು ನಿಲ್ಲಿಸಿದಾಗ ಗಾಲಿ ತಾನೂ ನಿಲ್ಲಬೇಕು, ತಿರುಗ್ತಾ ಹೋಗಿ ಗೋಜಲಾಗಬಾರದು. ಈ ಎರಡರ ನಡುವೆ ನಿಮ್ಮ ಬ್ರೇಕ್.

ಆ ಬೆಳಗ್ಗೆ ಹೋಂಸ್ಟೇ ಜಗಲಿಯಲ್ಲಿ ಇದಕ್ಕೆ ಎರಡು ನಿಮಿಷ ಕೊಟ್ಟಿದ್ರೆ ಆ ಟ್ರೌಟ್ ಬಾಯಲ್ಲಿ ನನ್ನ ಕೊಕ್ಕೆ ಇರ್ತಿರಲಿಲ್ಲ. ಬ್ರೇಕ್ ತೀರಾ ಸಡಿಲ ಇದ್ರೂ ತಪ್ಪೇ. ಮೀನು ತುಂಬಾ ಹೊತ್ತು ಓಡಿ ಸುಸ್ತಾದ್ರೆ, ನೀವು ಬಿಟ್ರೂ ಅದು ಬದುಕೋದು ಕಷ್ಟ. ಅದಕ್ಕೇ ಹೇಳಿದ್ದು, ರೀಲಿನ ಕೆಲಸ ಚಿಕ್ಕದು, ಆದ್ರೆ ಅದು ತಪ್ಪಿದ್ರೆ ಬೆಲೆ ಕಟ್ಟೋದು ಮೀನು. ಮುಳ್ಳಿಲ್ಲದ ಕೊಕ್ಕೆ ಬಳಸಿ. ಹೇಗೋ ದಾರ ಹರಿದ್ರೂ ಅದು ಬೇಗ ಕಳಚಿಕೊಳ್ಳೋ ಸಾಧ್ಯತೆ ಜಾಸ್ತಿ.

ನಮ್ಮ ಕಾವೇರಿಯಲ್ಲಿ?

ಇದು ಖಂಡಿತ ಕೇಳ್ತೀರಿ ಅಂತ ಗೊತ್ತು. ಗಾಳದ ಲೋಕದಲ್ಲಿ ಕರ್ನಾಟಕದ ಹೆಸರು ದೊಡ್ಡದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದ್ರೆ 54 ಕೆಜಿಯ ಮಹಶೀರ್ ಹಿಡಿದಿದ್ರು. ಭೀಮೇಶ್ವರಿ, ಗಾಲಿಬೋರೆ ಶಿಬಿರಗಳಿಗೆ ವಿದೇಶದಿಂದ ಜನ ಬರ್ತಿದ್ರು. ಆದ್ರೆ ಈಗ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕೋ ಹಾಗಿಲ್ಲ. ಕಾವೇರಿಯ ಆ ಗೂನುಬೆನ್ನಿನ ಮಹಶೀರ್ ಅನ್ನು 2018ರಲ್ಲಿ 'ತೀವ್ರ ಅಪಾಯದಲ್ಲಿರುವ' ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದ್ದಾರೆ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ಮೀನಿಗೆ ಪುರಿ ಹಾಕಿ ಕೈಮುಗಿದು ಬಂದೋರು ನಾವು. ಅನುಮತಿ ಇಲ್ಲದ ನೀರಿಗೆ ರಾಡ್ ಹಿಡ್ಕೊಂಡು ಇಳಿಯೋದು ಬೇಡ. ತೀರ್ಥನ್‌ನಲ್ಲೂ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಚಳಿಗಾಲದಲ್ಲಿ ಟ್ರೌಟ್ ಮೊಟ್ಟೆ ಇಡೋ ತಿಂಗಳುಗಳಲ್ಲಿ ಪೂರ್ತಿ ನಿಷೇಧ.

ಸ್ಕ್ರೀನ್‌ಶಾಟ್ ತಗೊಳ್ಳೋರಿಗೆ

ರಾಡ್, ಲೈನ್, ರೀಲ್ ಮೂರರ ನಂಬರ್ ಒಂದೇ ಇರಲಿ. ಮಧ್ಯಮ ಅಥವಾ ಲಾರ್ಜ್ ಆರ್ಬರ್. ಬ್ರೇಕ್ ಯಾವ ಥರದ್ದಾದ್ರೂ ಸರಿ, ಶುರು ನಯವಾಗಿರಲಿ. ಗಾಲಿಯ ಅಂಚು ಅಂಗೈಗೆ ಸಿಗೋ ಹಾಗಿರಲಿ. ಸುತ್ತೋ ಕೈ ಯಾವುದು ಅಂತ ಮೊದಲೇ ಹೇಳಿ. ಬಜೆಟ್ ಕಡಿಮೆ ಬಿದ್ರೆ ರೀಲಿನಲ್ಲಿ ಉಳಿಸಿ, ಲೈನಿನಲ್ಲಿ ಉಳಿಸಬೇಡಿ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು, ಒಣಗಿಸಿ, ಬ್ರೇಕ್ ಪೂರ್ತಿ ಸಡಿಲ ಮಾಡಿ ಎತ್ತಿಡಿ. ಬಿಗಿದೇ ಇಟ್ರೆ ಒಳಗಿನ ಬಿಲ್ಲೆಗಳು ಅಂಟಿಕೊಂಡು ಮುಂದಿನ ಸಲ ಜರ್ಕ್ ಶುರುವಾಗುತ್ತೆ.

ನನ್ನ ಹೊಳೆಯೋ ರೀಲ್ ಏನಾಯ್ತು? ಸಮುದ್ರದಲ್ಲಿ ಮೀನು ಹಿಡಿಯೋ ಒಬ್ಬರಿಗೆ ಅರ್ಧ ಬೆಲೆಗೆ ಮಾರಿದೆ. ಅವರ ಕೈಯಲ್ಲಿ ಅದು ಸರಿಯಾದ ಜಾಗಕ್ಕೆ ಸೇರ್ತು. ಆ ದುಡ್ಡಲ್ಲಿ 5 ನಂಬರಿನ ಒಂದು ಸಾದಾ ರೀಲ್, ಒಂದು ಒಳ್ಳೆ ಲೈನ್ ಬಂತು, ವಾಪಸ್ ಬರೋ ಬಸ್ ಚಾರ್ಜಿಗೂ ಉಳೀತು. ಹೊಸ ರೀಲ್ ಪೆಟ್ಟಿಗೆಯಿಂದ ತೆಗೆದ ದಿನ ನಾನು ಮೊದಲು ಮಾಡಿದ್ದು ಅಡುಗೆಮನೆಗೆ ಹೋಗಿ ಅರ್ಧ ಲೀಟರ್ ಬಾಟಲಿಗೆ ನೀರು ತುಂಬಿಸಿದ್ದು.

ನಿಮ್ಮ ರೀಲ್ ಬಂದ ದಿನ ನೀವೂ ಅದನ್ನೇ ಮಾಡಿ. ಪ್ರಶ್ನೆಗಳಿದ್ರೆ ವಾಯ್ಸ್ ನೋಟ್ ಕಳಿಸಿ.